ಮರೆಯಾದ ಪುಸ್ತಕವನ್ನು ಹುಡುಕಿ ಓದಿಸುವುದು ಹೇಗೆ?

ಕೊಡಗಿನ ಗೌರಮ್ಮ ಎಂದೊಡನೆ, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಪ್ರಸಂಗ ಹಲವರಿಗೆ ನೆನಪಾಗುತ್ತದೆ. 1939ರಲ್ಲಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಈ ಲೇಖಕಿಯ ‘ಕಂಬನಿ’ಯ ಕಥೆಗಳನ್ನು ಓದಿದವರು ಮಾತ್ರ ಅಪರೂಪ. ಹೆಸರು ಉಳಿದು ಪುಸ್ತಕ ಮರೆಯಾದ ಇಂಥ ಕಡೆಯಿಂದಲೇ ಹುಡುಕಾಟ ಆರಂಭಿಸಬೇಕು. ಅದೇ ರೀತಿ, 1973ರಲ್ಲಿ ಚಲನಚಿತ್ರವಾದ್ದರಿಂದ ಭಾರತೀಸುತರ ಕಾದಂಬರಿ ‘ಎಡಕಲ್ಲು ಗುಡ್ಡದ ಮೇಲೆ’ ಮನೆಮಾತಾಯಿತು. ತೆರೆಗೆ ಬಾರದ ಅವರ ಕೃತಿಗಳನ್ನು ಕೇಳುವವರು ಕಡಿಮೆ.

ಎರಡನೆಯ ಹಂತ ಗ್ರಂಥಾಲಯದ್ದು. ಕಪಾಟಿನ ಕೆಳಸಾಲಿನಿಂದ ಪುಸ್ತಕ ತೆಗೆದು, ಕೊನೆಯ ಪುಟಕ್ಕೆ ಅಂಟಿಸಿರುವ ಎರವಲಿನ ದಿನಾಂಕದ ಚೀಟಿಯನ್ನು ನೋಡಿ. ಮುದ್ರೆಗಳು ಒಂದು ಕಾಲದಲ್ಲಿ ಒತ್ತೊತ್ತಾಗಿ ಬಿದ್ದು ಆಮೇಲೆ ನಿಂತುಹೋಗಿದ್ದರೆ, ಆ ಪುಸ್ತಕವನ್ನು ಹಿಂದೆ ಜನ ಇಷ್ಟಪಟ್ಟಿದ್ದರೆಂದು ತಿಳಿಯಬಹುದು. ಒಂದೂ ಮುದ್ರೆ ಬೀಳದ ಪುಸ್ತಕಕ್ಕಿಂತ ಇದನ್ನು ಮೊದಲು ಮನೆಗೆ ಒಯ್ಯಿರಿ. (ಮಳೆಗಾಲದಲ್ಲಾದರೆ ಬೂಷ್ಟು ಒರೆಸಲು ಒಣಬಟ್ಟೆಯೊಂದು ಜೊತೆಗಿರಲಿ.) ಮಡಿಕೇರಿಯಲ್ಲಿ 1932, 1981 ಮತ್ತು 2014ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದಿವೆ, ಅಂಥ ಸಂದರ್ಭದ ಸ್ಮರಣ ಸಂಚಿಕೆ ಕೈಗೆ ಸಿಕ್ಕರೆ, ಅದರ ಲೇಖನಗಳಲ್ಲಿ ಬರುವ ಸ್ಥಳೀಯ ಕೃತಿಗಳ ಹೆಸರುಗಳನ್ನು ಗುರುತು ಹಾಕಿಕೊಳ್ಳಿ.

ಅನಂತರ ಪರೀಕ್ಷೆ. ಮುನ್ನುಡಿಯನ್ನು ನಂಬಬೇಡಿ, ಅದು ಹೊಗಳಲೆಂದೇ ಹುಟ್ಟಿದ್ದು. ನಡುವಿನಿಂದ ಇಪ್ಪತ್ತು ಪುಟ ಓದಿ, ಮರುದಿನ ಅದರಲ್ಲಿ ಏನು ನೆನಪಿದೆಯೆಂದು ಕೇಳಿಕೊಳ್ಳಿ. ಮರೆತುಹೋಗಿರುವ ಪುಸ್ತಕಗಳಲ್ಲಿ ಹೆಚ್ಚಿನವು ಮರೆಯಲು ಯೋಗ್ಯವೇ ಆಗಿರುತ್ತವೆ. ಅನುಕಂಪದಿಂದ ಯಾವುದನ್ನೂ ಶಿಫಾರಸು ಮಾಡಬಾರದು.

ಶಿಫಾರಸು ಮಾಡುವಾಗ ಒಬ್ಬ ಓದುಗರನ್ನೂ ಕೆಲವೇ ಪುಟಗಳನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಕೊಡವ ಜಾನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯನ್ನು ಆರಂಭದಿಂದ ಅಂತ್ಯದವರೆಗೆ ಓದಿ ಎಂದರೆ ಯಾರೂ ಓದುವುದಿಲ್ಲ, ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ವಾರವಿರುವಾಗ, ಹಬ್ಬದ ಹಾಡಿರುವ ಪುಟಕ್ಕೆ ಗುರುತಿಟ್ಟು ಕೊಟ್ಟರೆ ಓದುತ್ತಾರೆ. ಹಾಡುಗಳು ಕನ್ನಡ ಲಿಪಿಯಲ್ಲಿದ್ದರೂ ಭಾಷೆ ಕೊಡವ ತಕ್ಕ್ ಎಂಬುದನ್ನು ಮೊದಲೇ ಹೇಳಿ. ಪುಸ್ತಕದ ತೊಡಕನ್ನು ಮುಚ್ಚಿಟ್ಟ ಶಿಫಾರಸುದಾರನ ಮಾತನ್ನು ಜನ ಎರಡನೆಯ ಸಲ ಕೇಳುವುದಿಲ್ಲ.

ಪ್ರತಿ ಎಲ್ಲಿ ಸಿಗುತ್ತದೆ ಎಂಬುದನ್ನು ತಿಳಿಸದಿದ್ದರೆ ಇಷ್ಟೆಲ್ಲ ಶ್ರಮವೂ ವ್ಯರ್ಥ. ಗ್ರಂಥಾಲಯದ ಹೆಸರು, ಕರೆಸಂಖ್ಯೆ (ಕಪಾಟಿನಲ್ಲಿ ಪುಸ್ತಕದ ಜಾಗ ತಿಳಿಸುವ ಸಂಖ್ಯೆ), ಪ್ರಕಾಶಕರು ಮತ್ತು ಮುದ್ರಣದ ವರ್ಷವನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾಕಷ್ಟಿವೆ. ಆದರೆ ನಮ್ಮ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ನಂತರ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಉಳಿಯುವುದರಿಂದ, ಅಷ್ಟು ಕಾಲ ಕಳೆಯದ ಪುಸ್ತಕದ ಪಿಡಿಎಫ್ ಹಂಚುವ ಬದಲು ಗ್ರಂಥಾಲಯದ ಪ್ರತಿಯನ್ನೇ ಸೂಚಿಸಿ. ಹಾಗಾದರೆ ಕೊನೆಯ ಪುಟದ ದಿನಾಂಕದ ಚೀಟಿಯ ಮೇಲೆ ಹೊಸ ಮುದ್ರೆಯೂ ಬೀಳುತ್ತದೆ.