ಟ್ರೈಲರ್‌ಗೆ ಬ್ರೇಕ್ ಹಾಕಿಸಿದೆ, ಪೇಪರೂ ಸರಿ ಮಾಡಿಸಿದೆ: ನನ್ನ ಅನುಭವ

ಟ್ರೈಲರ್‌ಗೆ ಬ್ರೇಕ್ ಹಾಕಿಸ್ತೀನಿ ಅಂದಾಗ ಸಕಲೇಶಪುರದ ನಮ್ಮ ಹಾನುಬಾಳು ಕಡೆ ಒಬ್ಬರೂ ಹೂಂ ಅನ್ನಲಿಲ್ಲ. "ಟ್ರ್ಯಾಕ್ಟರ್‌ಗೆ ಬ್ರೇಕ್ ಇದೆಯಲ್ಲ ಗೌಡ್ರೆ, ಇದಕ್ಯಾಕೆ ದುಡ್ಡು ಸುರೀತೀರಾ" ಅಂದರು. ವೆಲ್ಡಿಂಗ್ ಶಾಪಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಿವರ್ಸ್ ತಗೊಳ್ಳುವಾಗ ಜಾಮ್ ಆಗುತ್ತೆ, ವಾರದಲ್ಲಿ ನೀವೇ ಬಿಚ್ಚಿಸ್ತೀರಿ ಅಂತ ಹೇಳಿಬಿಟ್ಟರು. ಈಗ ಎರಡು ಕಾಫಿ ಸೀಸನ್ ಮುಗಿದಿದೆ. ಬ್ರೇಕ್ ಹಾಗೇ ಇದೆ, ಚೆನ್ನಾಗಿ ಹಿಡಿಯುತ್ತಿದೆ. ಅದೇ ವೆಲ್ಡಿಂಗ್ ಶಾಪಿನವರು ಹೋದ ತಿಂಗಳು ಬಂದು ಅಳತೆ ತಗೊಂಡು ಹೋದರು.

ಯಾಕೆ ಬೇಕಾಯ್ತು ಅಂದರೆ ಲೆಕ್ಕ ಸುಲಭ. ನನ್ನ 45 ಎಚ್‌ಪಿ ಟ್ರ್ಯಾಕ್ಟರ್ ಎರಡು ಟನ್ ಆಸುಪಾಸು. ಖಾಲಿ ಟ್ರೈಲರ್ ಒಂದು ಕಾಲು ಟನ್, ಮೇಲೆ 60 ಮೂಟೆ ಕಾಫಿ ಅಂದರೆ ಮೂರು ಟನ್. ಇಳಿಜಾರಿನಲ್ಲಿ ಹಿಂದಿನಿಂದ ತಳ್ಳೋ ಗಾಡಿ ಮುಂದೆ ತಡೆಯೋ ಗಾಡಿಯ ಎರಡರಷ್ಟು ತೂಕ. ಒಣ ರಸ್ತೆಯಲ್ಲಿ ಹೇಗೋ ನಡೆಯುತ್ತೆ. ಅಕಾಲದ ಮಳೆ ಬಂದು ಕೆಂಪು ಮಣ್ಣು ಟಾರಿನ ಮೇಲೆ ಹರಡಿದ ದಿನ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ಚಕ್ರ ನಿಲ್ಲುತ್ತೆ, ಟ್ರೈಲರ್ ನಿಲ್ಲಲ್ಲ, ಪಕ್ಕಕ್ಕೆ ಮಡಚಿಕೊಂಡು ಬರುತ್ತೆ. ಮಲೆನಾಡಲ್ಲಿ ಟ್ರ್ಯಾಕ್ಟರ್ ಓಡಿಸಿದವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ಮೊದಲು ಮಾಡಿಸಿದ್ದು ಕೈ ಲಿವರ್. ಡ್ರೈವರ್ ಸೀಟಿನ ಪಕ್ಕ ಒಂದು ಲಿವರ್, ಅಲ್ಲಿಂದ ಟ್ರೈಲರ್ ಚಕ್ರದ ಬ್ರೇಕ್ ಡ್ರಮ್‌ಗೆ ವೈರ್. ನೇರ ರಸ್ತೆಯಲ್ಲಿ ಚೆನ್ನಾಗಿತ್ತು. ತಿರುವಿನಲ್ಲಿ ವೈರ್ ತಾನಾಗೇ ಬಿಗಿದು ಒಂದು ಕಡೆ ಚಕ್ರ ಹಿಡಿದುಕೊಳ್ಳುತ್ತಿತ್ತು. ಒಂದು ಸಂಜೆ ತೋಟದ ಗೇಟಿಗೆ ಬರುವಷ್ಟರಲ್ಲಿ ಎಡಗಡೆ ಲೈನರ್ (ಡ್ರಮ್ ಒಳಗೆ ಉಜ್ಜೋ ಪಟ್ಟಿ) ಸುಟ್ಟ ವಾಸನೆ, ಡ್ರಮ್ ಮೇಲೆ ನೀರು ಹನಿಸಿದರೆ ಚುಯ್ ಅಂತ ಹಾರಿಹೋಯಿತು, ಬಲಗಡೆ ಮುಟ್ಟಿದರೆ ತಣ್ಣಗೆ.

ಎರಡನೇದು ಹೈಡ್ರಾಲಿಕ್. ಲೋಡ್ ಸುರಿಯೋಕೆ ಟ್ರೈಲರ್ ಎತ್ತೋ (ಟಿಪ್ಪಿಂಗ್) ಆಯಿಲ್ ಪೈಪಿನಿಂದ ಒಂದು ಸಣ್ಣ ಸಿಲಿಂಡರ್‌ಗೆ ಕೊಟ್ಟೆವು. ಶಕ್ತಿ ಏನೋ ಜಾಸ್ತಿನೇ. ಆದರೆ ಅದಕ್ಕೆ ಸ್ವಲ್ಪ ಹಿಡಿ ಅನ್ನೋದೇ ಗೊತ್ತಿಲ್ಲ, ಬಂದರೆ ಒಂದೇ ಸಲ ಪೂರ್ತಿ ಬರುತ್ತೆ. ಟೈರ್ ಲಾಕ್ ಆಗಿ ರಸ್ತೆ ಮೇಲೆ ಕಪ್ಪು ಗೆರೆ. ಬ್ರೇಕ್ ಪೆಡಲ್ ಜೊತೆಗೇ ಕೆಲಸ ಮಾಡೋ ವಾಲ್ವ್ ಸಿಗುತ್ತೆ, ಪೂರ್ತಿ ಸೆಟ್‌ಗೆ ನನಗೆ ಹೇಳಿದ ರೇಟು ತೊಂಬತ್ತು ಸಾವಿರದ ಹತ್ತಿರ. ಕೈ ಮುಗಿದು ಬಂದೆ. ಈ ಎರಡು ಪ್ರಯೋಗಕ್ಕೆ ಹದಿನಾರು ಹದಿನೇಳು ಸಾವಿರ ಹೋಯಿತು.

ಕೊನೆಗೆ ಹಿಡಿದದ್ದು ಓವರ್‌ರನ್ ಬ್ರೇಕ್. ಟ್ರ್ಯಾಕ್ಟರ್ ನಿಧಾನ ಆದಾಗ ಟ್ರೈಲರ್ ಮುಂದಕ್ಕೆ ತಳ್ಳುತ್ತಲ್ಲ, ಆ ತಳ್ಳೋ ಬಲದಿಂದಲೇ ಬ್ರೇಕ್ ಹಿಡಿಯಬೇಕು. ಮೂಕಿ, ಅಂದರೆ ಟ್ರ್ಯಾಕ್ಟರ್‌ಗೆ ಸಿಗಿಸೋ ಟ್ರೈಲರಿನ ಮುಂದಿನ ಉದ್ದ ಭಾಗ, ಅದರ ಒಳಗೆ ಜಾರೋ ಪೈಪ್, ಅದಕ್ಕೆ ಸ್ಪ್ರಿಂಗ್, ಹಿಂದೆ ಲಿವರ್, ಅಲ್ಲಿಂದ ರಾಡ್. ವೈರ್ ಅಲ್ಲ, ರಾಡ್. ಹಳೆ ಆಕ್ಸಲ್ ತೆಗೆದು ಅಷ್ಟೇ ಟನ್ನಿನ, ಡ್ರಮ್ ಇರುವ ಹೊಸ ಆಕ್ಸಲ್ ಹಾಕಿಸಿದೆ, ಸುಮಾರು ಮೂವತ್ತು ಸಾವಿರ. ಹಳೇದಕ್ಕೇ ಬ್ರೇಕ್ ಪ್ಲೇಟ್ ವೆಲ್ಡ್ ಮಾಡಿಕೊಡ್ತೀವಿ, ಅರ್ಧ ದುಡ್ಡಲ್ಲಿ ಆಗುತ್ತೆ ಅಂದವರಿದ್ದಾರೆ. ಆಕ್ಸಲ್ ತುದಿಗೆ ವೆಲ್ಡಿಂಗ್ ಕೊಡಿಸಬೇಡಿ. ಬಿಸಿಗೆ ಅಲ್ಲಿ ಬಲ ಕಳೆದುಕೊಂಡು ಒಂದು ದಿನ ಲೋಡ್ ಇದ್ದಾಗಲೇ ಸೀಳುತ್ತೆ.

ಮೊದಲ ಜಾರೋ ಪೈಪ್ ಚೌಕದ್ದು. ಕೆಸರು ಒಳಗೆ ಹೋಗಿ ಗ್ರೀಸ್ ಜೊತೆ ಸೇರಿ ಗಟ್ಟಿಯಾಯಿತು, ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಹಾಸನದಲ್ಲಿ ಲೇತ್‌ಗೆ ಕೊಟ್ಟು ದುಂಡು ಪೈಪ್, ಒಳಗೆ ಬುಷ್, ಮುಂದೆ ರಬ್ಬರ್ ಬೂಟು, ಮೇಲೆ ಗ್ರೀಸ್ ನಿಪ್ಪಲ್ ಮಾಡಿಸಿದೆ. ಲೇತ್ ಕೆಲಸಕ್ಕೆ ಎಂಟು ಸಾವಿರ, ಕಬ್ಬಿಣ ವೆಲ್ಡಿಂಗ್ ಏಳು. ರಿವರ್ಸ್ ಜಾಮ್ ಆಗುತ್ತೆ ಅಂದಿದ್ದರಲ್ಲ, ಅದು ನಿಜವೇ, ಹಿಂದಕ್ಕೆ ತಳ್ಳಿದರೂ ಅದು ಬ್ರೇಕ್ ಅಂತಲೇ ತಿಳಿಯುತ್ತೆ. ಅದಕ್ಕೆ ಒಂದು ಅಡ್ಡ ಪಿನ್ನು. ರಿವರ್ಸ್ ತಗೊಳ್ಳುವ ಮುಂಚೆ ಹುಡುಗ ಇಳಿದು ಪಿನ್ ಹಾಕಿದರೆ ಪೈಪ್ ಜಾರಲ್ಲ. ಪಿನ್ನಿಗೆ ಕೆಂಪು ಬಣ್ಣ ಬಳಿದಿದ್ದೇನೆ, ಒಂದು ಮೊಳ ಕೆಂಪು ಬಟ್ಟೆನೂ ಕಟ್ಟಿದ್ದೇನೆ. ಮರೆತು ಹಾಗೇ ರಸ್ತೆಗೆ ಬಂದರೆ ಕನ್ನಡಿಯಲ್ಲೇ ಕಾಣುತ್ತೆ.

ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅನ್ನೋದರಲ್ಲೇ ಇಡೀ ಗುಟ್ಟಿದೆ. ಸಡಿಲ ಆದರೆ ಇಳಿಜಾರು ಪೂರ್ತಿ ಬ್ರೇಕ್ ಉಜ್ಜುತ್ತಾ ಡ್ರಮ್ ಕಾಯುತ್ತೆ. ಜಾಸ್ತಿ ಬಿಗಿ ಆದರೆ ಬ್ರೇಕ್ ಇದ್ದೂ ಇಲ್ಲದ ಹಾಗೆ. ನಾನು ಗುಜರಿಯಿಂದ ನಾಲ್ಕೈದು ತರದ್ದು ತಂದು ನೋಡಿದೆ. ಯಾವ ಗಾಡಿಯದ್ದು ಕೂತಿತು, ಎಷ್ಟು ಸುತ್ತು ಬಿಗಿ ಮಾಡಿದೆ ಅಂತ ಇಲ್ಲಿ ಬರೆಯಲ್ಲ, ಅದಕ್ಕೆ ನನ್ನ ತುಂಬಾ ಸಂಜೆಗಳು ಹೋಗಿವೆ. ಈಗ ಇಳಿಜಾರು ಮುಗಿಸಿ ಎರಡೂ ಡ್ರಮ್ ಮುಟ್ಟಿದರೆ ಬೆಚ್ಚಗಿರುತ್ತೆ, ಎರಡೂ ಒಂದೇ ಸಮ. ಹಾಗಂತ ಗೇರ್ ಬಿಡೋ ಹಾಗಿಲ್ಲ. ಹತ್ತುವ ಗೇರಲ್ಲೇ ಇಳಿಯಬೇಕು. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡೋ ಡ್ರೈವರ್‌ನ ನಾನು ಇಟ್ಟುಕೊಳ್ಳಲ್ಲ. ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲ್ ಗದ್ದೆಯಲ್ಲಿ ಬೇರೆ ಬೇರೆ ಇರಲಿ, ರಸ್ತೆಗೆ ಬಂದಾಗ ಎರಡೂ ಒಟ್ಟಿಗೆ ಒತ್ತೋ ಹಾಗೆ ಕೊಂಡಿ ಹಾಕಲೇಬೇಕು.

ಮಧ್ಯೆ ಇನ್ನೊಂದು ಪ್ರಯೋಗ, ಮೂಟೆ ಹೇಗೆ ಹರಡಬೇಕು ಅನ್ನೋದು. ನನ್ನ ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ಟ್ರೈಲರ್ ಕಾನೂನು ಒಂದೊಂದು ರಾಜ್ಯಕ್ಕೆ ಒಂದೊಂದು. ಅವನ ರಾಜ್ಯದಲ್ಲಿ ಟ್ರೈಲರ್ ಒಟ್ಟು ತೂಕ 3,000 ಪೌಂಡ್, ಅಂದರೆ ಸುಮಾರು 1,360 ಕೆಜಿ ಆದರೆ ಸಾಕು, ಬ್ರೇಕ್ ಬೇಕು. ತುಂಬಾ ರಾಜ್ಯಗಳಲ್ಲಿ ಅಷ್ಟೇ, ಟೆಕ್ಸಾಸ್‌ನಲ್ಲಿ 4,500. ನಮ್ಮ ನಾಲ್ಕು ಟನ್ ನೋಡಿದರೆ ಟೆಕ್ಸಾಸ್‌ನಲ್ಲಾದರೂ ಬ್ರೇಕ್ ಇಲ್ಲದೆ ಬಿಡ್ತಾರಾ ಅಂತ ಕೇಳಿದೆ, ನಕ್ಕ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಹುಕ್ ಮೇಲೆ ಬೀಳಬೇಕು ಅನ್ನೋದೂ ಅವನು ಹೇಳಿದ್ದೇ. ಅದು ಕಾರು ಎಳೆಯೋ ಟ್ರೈಲರ್ ಲೆಕ್ಕ. ನೋಡೇಬಿಡೋಣ ಅಂತ ವೇ ಬ್ರಿಡ್ಜ್‌ಗೆ ಹೋಗಿ, ಮೂಕಿಯ ಸ್ಟ್ಯಾಂಡ್ ಮಾತ್ರ ತಟ್ಟೆ ಮೇಲೆ, ಚಕ್ರ ಹೊರಗೆ ನಿಲ್ಲಿಸಿ ತೂಗಿಸಿದೆ. ಮೂಟೆ ಸಮ ಹರಡಿದಾಗ 450 ಕೆಜಿ ಆಸುಪಾಸು. ಹಿಂದಕ್ಕೆ ಸರಿಸಿದರೆ ನೂರಕ್ಕಿಂತ ಕಮ್ಮಿ, ರಸ್ತೆಯಲ್ಲಿ ಬಾಲ ಅಲ್ಲಾಡಿಸುತ್ತೆ. ಮುಂದಕ್ಕೆ ಒಟ್ಟಿದರೆ ಏಳುನೂರು, ಏರಿನಲ್ಲಿ ಟ್ರ್ಯಾಕ್ಟರ್ ಮೂತಿ ಹಗುರಾಗಿ ಸ್ಟೇರಿಂಗ್ ಕೇಳಲ್ಲ. 450ರಿಂದ 500 ನಮ್ಮ ರಸ್ತೆಗೆ ಸರಿಹೋಯಿತು. ಎಲ್ಲಿವರೆಗೆ ಮೂಟೆ ಅಂತ ಹಲಗೆ ಮೇಲೆ ಗೆರೆ ಎಳೆದಿಟ್ಟಿದ್ದೇನೆ.

ಇನ್ನು ಪೇಪರ್ ವಿಷಯ. ಟ್ರೈಲರ್‌ಗೆ ಬೇರೆ ಆರ್‌ಸಿ ಬೇಕು ಅನ್ನೋದು ನಿಮಗೆಲ್ಲ ಗೊತ್ತು. ಟ್ರೈಲರ್ ನಂಬರ್ ಅದರ ಪಕ್ಕದಲ್ಲಿ ಬರೆಸಬೇಕು, ಹಿಂದೆ ಎಳೆಯೋ ಟ್ರ್ಯಾಕ್ಟರಿನ ನಂಬರ್ ಇರಬೇಕು, ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 61 ಹೇಳೋದು ಅದನ್ನೇ. ನಮ್ಮ ಕಡೆ ಹಿಂದೆ ಮಕ್ಕಳ ಹೆಸರು, ದೇವರ ಹೆಸರು ಇರುತ್ತೆ, ನಂಬರ್ ಇರಲ್ಲ. ಆರ್‌ಸಿಯಲ್ಲಿ ಇರೋದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸಬಾರದು ಅಂತ ಸೆಕ್ಷನ್ 52 ಇದೆ, ಅದಕ್ಕೇ ಆಕ್ಸಲ್ ವಿಷಯ ಸುಮ್ನೆ ಮುಚ್ಚಿಡದೆ ಆರ್‌ಟಿಒ ಆಫೀಸಿಗೆ ಅರ್ಜಿ ಕೊಟ್ಟು ಬಿಲ್ ಸಮೇತ ತೋರಿಸಿದೆ. ಓಡಾಟ ಜಾಸ್ತಿ ಆಯಿತು. ಇನ್ಸ್‌ಪೆಕ್ಟರ್ ಕೆಳಗೆ ಬಗ್ಗಿ ರಾಡ್ ಅಲ್ಲಾಡಿಸಿ ನೋಡಿ, "ಯಾರ ಕೈಲಿ ಮಾಡಿಸಿದ್ರಿ?" ಅಂತ ಕೇಳಿದಾಗ ನನಗೆ ನಿಜವಾಗಿಯೂ ಖುಷಿ ಆಯಿತು.

ವಿಮೆ ಮಾಡಿಸುವಾಗ ಪಾಲಿಸಿಯಲ್ಲಿ ಟ್ರೈಲರ್ ನಂಬರ್ ಇದೆಯಾ ಅಂತ ಕಣ್ಣಾರೆ ನೋಡಿ. ಟ್ರೈಲರ್‌ಗೆ ಬೇರೆ ಪ್ರೀಮಿಯಂ, ಟ್ರ್ಯಾಕ್ಟರ್ ಪಾಲಿಸಿ ಒಂದಿದ್ದರೆ ಸಾಲದು. ಲೈಸೆನ್ಸ್ ಬಗ್ಗೆ ಹೆದರಿಸೋರು ತುಂಬಾ ಜನ. ಟ್ರ್ಯಾಕ್ಟರ್ ಲೈಸೆನ್ಸ್ ಇರೋನು ಟ್ರೈಲರ್ ಕಟ್ಟಿದ ಮಾತ್ರಕ್ಕೆ ಅನರ್ಹ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಹೆದರಬೇಕಾದ್ದು ಓವರ್‌ಲೋಡ್‌ಗೆ. 2019ರ ತಿದ್ದುಪಡಿಯಲ್ಲಿ ದಂಡ 20,000, ಜೊತೆಗೆ ಜಾಸ್ತಿ ಇರೋ ಒಂದೊಂದು ಟನ್ನಿಗೆ 2,000. ತೋಟದ ಆಳುಗಳನ್ನ ಟ್ರೈಲರಲ್ಲಿ ಕೂರಿಸೋದನ್ನ ನಾನು ಪೂರ್ತಿ ನಿಲ್ಲಿಸಿದ್ದೇನೆ. ಬೆಳಿಗ್ಗೆ ಒಂದು ಜೀಪು ಬಾಡಿಗೆಗೆ ಹೇಳಿದ್ದೇನೆ, ಖರ್ಚು ಜಾಸ್ತಿನೇ. ಏನಾದರೂ ಆದರೆ ವಿಮೆ ಕಂಪನಿ ಕೈ ಎತ್ತುತ್ತೆ ಅನ್ನೋದು ಆಮೇಲಿನ ಮಾತು, ಮೂಟೆ ಮೇಲೆ ಮಕ್ಕಳನ್ನ ಕಟ್ಟಿಕೊಂಡು ಕೂತ ಹೆಂಗಸರನ್ನ ಕನ್ನಡಿಯಲ್ಲಿ ನೋಡಿಕೊಂಡು ಇಳಿಜಾರು ಇಳಿಯೋದು ನನ್ನ ಕೈಲಾಗಲ್ಲ.

ಸಣ್ಣ ಖರ್ಚಲ್ಲಿ ದೊಡ್ಡ ಉಪಕಾರ ಆಗಿದ್ದು ಲೈಟು, ರಿಫ್ಲೆಕ್ಟರ್, ಚೈನು. ಎಲ್ಲಾ ಸೇರಿ ನಾಲ್ಕು ಸಾವಿರ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಟೇಪು. ಡಿಸೆಂಬರ್ ಮಂಜಲ್ಲಿ ಬಾಳ್ಳುಪೇಟೆ ಕಡೆ ಹೈವೇಗೆ ಬಂದರೆ ಹಿಂದಿನ ಲಾರಿಯವನಿಗೆ ಟೇಪು ಒಂದೇ ಕಾಣೋದು. ಟ್ರೈಲರ್ ಲೈಟಿಗೆ ಕರೆಂಟ್ ಕೊಡೋ ಏಳು ಪಿನ್ನಿನ ಸಾಕೆಟ್ ಹಾಕಿಸಿದವರು ಅರ್ಥಿಂಗ್‌ಗೆ ಹುಕ್ ನಂಬಬೇಡಿ, ಬೇರೆ ವೈರ್ ಎಳೆಸಿ. ಸೇಫ್ಟಿ ಚೈನ್ ಎರಡು, ಮೂಕಿಯ ಕೆಳಗೆ ಅಡ್ಡಡ್ಡ. ಹುಕ್ಕಿನ ಪಿನ್ನು ರಸ್ತೆ ಉಬ್ಬಿನಲ್ಲಿ ಹಾರಿದರೂ ಮೂಕಿ ಚೈನ್ ಮೇಲೆ ಬೀಳುತ್ತೆ, ನೆಲಕ್ಕೆ ಕುತ್ತಲ್ಲ. ಬ್ರೇಕ್ ಲಿವರ್‌ನಿಂದ ಟ್ರ್ಯಾಕ್ಟರ್‌ಗೆ ಇನ್ನೊಂದು ಸಣ್ಣ ವೈರ್ ಕಟ್ಟಿದ್ದೇನೆ, ಚೈನೂ ಕಡಿದರೆ ಅದು ಬ್ರೇಕ್ ಎಳೆದು ಆಮೇಲೆ ಕಡಿಯಬೇಕು. ಖಾಲಿ ಟ್ರೈಲರ್ ಬಿಟ್ಟು ನೋಡಿದ್ದೇವೆ, ನಾಲ್ಕು ಮಾರು ಹೋಗಿ ನಿಂತಿತು.

ಹಳೆ ಆಕ್ಸಲ್ ಗುಜರಿಗೆ ಆರು ಸಾವಿರಕ್ಕೆ ಹೋಯಿತು. ಅದು ಕಳೆದು, ಪ್ರಯೋಗಕ್ಕೆ ಹಾಳಾದದ್ದೂ ಸೇರಿ ಅರವತ್ತು ಸಾವಿರದ ಹತ್ತಿರ ಆಯಿತು. ನೇರ ಓವರ್‌ರನ್‌ಗೇ ಹೋಗುವವರಿಗೆ ನಲವತ್ತೈದರೊಳಗೆ ಮುಗಿಯುತ್ತೆ. ಮಳೆಗಾಲದಲ್ಲಿ ಹಳ್ಳ ದಾಟಿದ ಮೇಲೆ ಡ್ರಮ್ಮಿಗೆ ನೀರು ಹೋಗಿ ಮೊದಲ ಎರಡು ಮೂರು ಸಲ ಬ್ರೇಕ್ ಮೆತ್ತಗೆ ಹಿಡಿಯುತ್ತೆ. ಈ ವರ್ಷ ಡ್ರಮ್ ಹಿಂದೆ ತಗಡಿನ ಮುಚ್ಚಳ ಮಾಡಿಸೋಕೆ ಕೊಟ್ಟಿದ್ದೇನೆ, ಜೂನ್ ಒಳಗೆ ಕೂರಿಸಬೇಕು.