ರಿಪೇರಿ ಮಾಡಿಸಲೋ, ಹೊಸದು ಹಾಕಿಸಲೋ? ಆರು ಸೈಕಲ್ ಸಾಕುವವಳ ಲೆಕ್ಕ

ನಮ್ಮ ಅಂಗಳದಲ್ಲಿ ಆರು ಸೈಕಲ್ ನಿಂತಿರುತ್ತವೆ. ಒಂದನ್ನೂ ನಾನು ಓಡಿಸುವುದಿಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿ ನನ್ನದು ಪೇಪರ್ ಏಜೆನ್ಸಿ. ಬೆಳಿಗ್ಗೆ ನಾಲ್ಕೂವರೆಗೆ ಬಂಡಲ್ ಬಂದು ಬೀಳುತ್ತವೆ, ಐದಕ್ಕೆಲ್ಲ ಹುಡುಗರು ಹೊರಡಬೇಕು. ಸೇಡಂ ರೋಡ್ ಲೈನ್, ಸ್ಟೇಷನ್ ಲೈನ್, ಆಳಂದ ರೋಡ್ ಲೈನ್, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಲೈನ್, ಒಂದೊಂದು ಸೈಕಲ್. ನಾಲ್ಕು ರಾಡ್ ಬ್ರೇಕಿನ ಹಳೇ ಕರಿ ಸೈಕಲ್. ಒಂದು ಗೇರಿನದು. ಇನ್ನೊಂದು, 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತಲ್ಲ, ಆಮೇಲೆ ಒಂದು ವರ್ಷ ನಮ್ಮಕ್ಕನ ಮಗಳಿಗೆ ಸಿಕ್ಕಿದ್ದು.

ಯಜಮಾನರು ಇದ್ದಾಗ ಪಾನಾ, ಸ್ಕ್ರೂಡ್ರೈವರ್ ಎಲ್ಲ ಅವರದೇ ಖಾತೆ. ಅವರು ಹೋದ ಮೇಲೆ ಆ ಡಬ್ಬಿ ನನ್ನ ಕೈಗೆ ಬಂತು. ಮೊದಲ ವರ್ಷ ಯಾರು ಏನು ಹೇಳಿದರೂ ಹೊಸದೇ ಹಾಕಿಸಿದೆ. ಕಮಿಷನ್ನೆಲ್ಲ ಅದಕ್ಕೇ ಹೋಯಿತು. ಎರಡನೇ ವರ್ಷ ಜಾಣೆಯಾದೆ ಅಂದುಕೊಂಡು ಎಲ್ಲವನ್ನೂ ಬಡಿಸಿ, ಬೆಸೆಸಿ, ತಟ್ಟಿಸಿ ಓಡಿಸಿದೆ. ಆ ವರ್ಷವೇ ಸೇಡಂ ರೋಡ್ ಹುಡುಗ ಬಿದ್ದದ್ದು.

ಅವನು ಹಿಂದಿನ ವಾರ ನಿಂತಿದ್ದ ಟಂಟಂ ಆಟೋಗೆ ಗುದ್ದಿದ್ದ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಹಿಂದಕ್ಕೆ ಬಾಗಿತ್ತು. ಪೆಡಲ್ ತುಳಿದಾಗ ಕಾಲಿನ ಬೆರಳು ಮಡ್‌ಗಾರ್ಡಿಗೆ ತಾಗುತ್ತಿತ್ತು. ಹೊಸ ಫೋರ್ಕ್ ಯಾಕೆ, ಬೆಂಡ್ ತೆಗೆದರೆ ಆಯಿತಲ್ವಾ ಅಂತ ನಾನೇ ಹೇಳಿ ಬಡಿಸಿದೆ. ಹತ್ತನೇ ದಿನ ಜಗತ್ ಸರ್ಕಲ್ ಹತ್ತಿರ, ಭಾನುವಾರದ ದಪ್ಪ ಪೇಪರ್ ಹೊತ್ತಿದ್ದಾಗ, ಫೋರ್ಕ್ ಬುಡದಲ್ಲೇ ಮುರಿಯಿತು. ಹುಡುಗನ ಮುಂದಿನ ಹಲ್ಲು ಅರ್ಧ ಹೋಯಿತು. ತಪ್ಪು ಮಿಸ್ತ್ರಿಯದಲ್ಲ, ನನ್ನದು.

ಅವತ್ತಿನಿಂದ ಬೆಲೆಯನ್ನು ಕೊನೆಗೆ ಕೇಳುತ್ತೇನೆ. ಮೊದಲು ಕೇಳುವುದು: ಇದು ದಾರಿಯಲ್ಲಿ ಕೈಕೊಟ್ಟರೆ ಹುಡುಗ ಸೈಕಲ್ ತಳ್ಳಿಕೊಂಡು ಬರುತ್ತಾನಾ, ಇಲ್ಲ ಮುಖ ಅಡಿಯಾಗಿ ಬೀಳುತ್ತಾನಾ? ತಳ್ಳಿಕೊಂಡು ಬರುವಂಥದ್ದಾದರೆ ಇನ್ನೊಂದು ಮಾತು ಕೇಳುತ್ತೇನೆ: ಇದು ತಾನೊಂದೇ ಸವೆಯುತ್ತಾ, ಪಕ್ಕದ ಪಾರ್ಟನ್ನೂ ತಿನ್ನುತ್ತಾ?

ಬೀಳಿಸುವ ಪಾರ್ಟುಗಳು ಹೆಚ್ಚೇನಿಲ್ಲ. ಫೋರ್ಕ್, ಹ್ಯಾಂಡಲ್, ಹ್ಯಾಂಡಲನ್ನು ಹಿಡಿದಿರುವ ಕತ್ತು, ಬ್ರೇಕಿನ ವೈರ್, ಮುಂದಿನ ಟೈರು. ಇವು ಬಾಗಿದರೆ, ಸೀಳಿದರೆ, ಎಳೆ ಬಿಟ್ಟರೆ ಹೊಸದೇ. ಚೌಕಾಸಿ ಇಲ್ಲ. ಕಬ್ಬಿಣ ಒಮ್ಮೆ ಬಾಗಿ ಮತ್ತೆ ನೆಟ್ಟಗಾದರೆ ನೋಡಲು ಚೆನ್ನಾಗಿಯೇ ಕಾಣುತ್ತದೆ, ಆದರೆ ಆ ಜಾಗ ದಣಿದಿರುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕಥೆ. ಅಲ್ಯೂಮಿನಿಯಂ ಇನ್ನೂ ಮೋಸ. ಕಬ್ಬಿಣ ಬಾಗಿಯಾದರೂ ಮುನ್ಸೂಚನೆ ಕೊಡುತ್ತದೆ, ಇದು ಎಷ್ಟೋ ಸಲ ಸದ್ದಿಲ್ಲದೆ ಸೀಳಿ ಹೋಗುತ್ತದೆ. ಗೇರ್ ಸೈಕಲ್ಲಿನ ಬಾಗಿದ ಹ್ಯಾಂಡಲನ್ನು ಮೊಣಕಾಲಿಗೆ ಕೊಟ್ಟು ನೆಟ್ಟಗೆ ಮಾಡುವ ಸಾಹಸ ಬೇಡ.

ಗುದ್ದಿದ ಸೈಕಲ್ ಬಂದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಹ್ಯಾಂಡಲ್ ಕೆಳಗೆ, ಎರಡು ಪೈಪು ಬಂದು ಸೇರುವ ಜಾಗದ ಹಿಂಭಾಗದಲ್ಲಿ ಉಗುರು ಆಡಿಸಿ. ಬಣ್ಣ ಸುಕ್ಕುಗಟ್ಟಿದ್ದರೆ ಒಳಗಿನ ಪೈಪೂ ಸುಕ್ಕಾಗಿದೆ ಅಂತ ಅರ್ಥ. ಕೂದಲಿನಷ್ಟು ಸಣ್ಣ ಗೆರೆ, ಅದರ ಉದ್ದಕ್ಕೂ ತುಕ್ಕು ಕಂಡರೆ ಅದು ಗೀರಲ್ಲ, ಬಿರುಕು. ಆ ಜಾಗಕ್ಕೆ ವೆಲ್ಡಿಂಗ್ ಹಾಕಿಸಬೇಡಿ. ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡಿನ ಕಡ್ಡಿಗೆ ಎಷ್ಟು ಬೇಕಾದರೂ ಹಾಕಿಸಿ. ನಮ್ಮ ಕ್ಯಾರಿಯರುಗಳಲ್ಲಿ ಮೂಲ ಕಬ್ಬಿಣಕ್ಕಿಂತ ವೆಲ್ಡಿಂಗೇ ಜಾಸ್ತಿ ಇದೆ.

ಇನ್ನು ಪಕ್ಕದವರನ್ನು ತಿನ್ನುವ ಪಾರ್ಟು. ಇದರಲ್ಲಿ ಚೈನೇ ದೊಡ್ಡಣ್ಣ.

ಚೈನ್ ಉದ್ದವಾಗುತ್ತದೆ ಅನ್ನುತ್ತಾರೆ. ನಿಜ ಅಂದರೆ ಕಬ್ಬಿಣವೇನೂ ಎಳೆದುಕೊಳ್ಳುವುದಿಲ್ಲ. ಒಂದೊಂದು ಪಿನ್ನೂ, ಅದು ಕೂತ ತೂತೂ ಒಂದಿಷ್ಟೇ ಇಷ್ಟು ಸವೆಯುತ್ತವೆ. ನೂರು ಪಿನ್ನಿನ ಸವೆತ ಕೂಡಿದರೆ ಚೈನ್ ಜೋತು ಬೀಳುತ್ತದೆ. ನಮ್ಮ ಎರೆ ಮಣ್ಣಿನ ಧೂಳಿಗೆ ಎಣ್ಣೆ ಸೇರಿದರೆ ಸಾಣೆ ಹಿಡಿಯುವ ಪೇಸ್ಟ್ ತಯಾರು. ಅದಕ್ಕೇ ಗ್ಯಾರೇಜಿನ ಸುಟ್ಟ ಆಯಿಲ್ ಸುರಿಯಬೇಡಿ ಅಂತ ಹುಡುಗರಿಗೆ ಹೇಳಿ ಹೇಳಿ ಸಾಕಾಗಿದೆ.

ಅಳೆಯುವುದು ಸುಲಭ. ಮಕ್ಕಳ ಕಂಪಾಸ್ ಬಾಕ್ಸಿನ ಸಣ್ಣ ಸ್ಕೇಲ್ ಸಾಲದು, 12 ಇಂಚಿನ ಸ್ಟೀಲ್ ಸ್ಕೇಲ್ ತಗೊಳ್ಳಿ. ಚೈನನ್ನು ಬಟ್ಟೆಯಲ್ಲಿ ಒರೆಸಿ, ಪೆಡಲ್ ಒತ್ತಿ ಹಿಡಿದು ಮೇಲಿನ ಎಳೆಯನ್ನು ಬಿಗಿ ಮಾಡಿ. ಒಂದು ಪಿನ್ನಿನ ಎಡ ಅಂಚಿಗೆ ಸೊನ್ನೆ ಇಡಿ. ಆ ಪಿನ್ನನ್ನೂ ಸೇರಿಸಿ ಎಣಿಸಿದರೆ ಇಪ್ಪತ್ತೈದನೆಯ ಪಿನ್ನಿನ ಎಡ ಅಂಚು ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಬರುತ್ತದೆ, ಯಾಕಂದರೆ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು. ಆ ಗುರುತನ್ನು ಇಂಚಿನ ಹದಿನಾರನೇ ಒಂದು ಭಾಗದಷ್ಟು ದಾಟಿದ್ದರೆ ಕರಿ ಸೈಕಲ್ಲಿಗೆ ಇನ್ನೂ ನಡೆಯುತ್ತದೆ, ಗೇರ್ ಸೈಕಲ್ಲಿಗೆ ಅಷ್ಟಕ್ಕೇ ಬದಲಿಸಿ. ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು ಮೂರು ಮಿಲಿಮೀಟರ್ ದಾಟಿತೋ, ಕರಿ ಸೈಕಲ್ಲಿಗೂ ಹೊಸ ಚೈನ್.

ಎರಡು ಕೊಂಡಿ ತೆಗೆಸಿ ಬಿಗಿ ಮಾಡಿದರೆ ಆಗಲ್ವಾ? ನಾನೂ ಮಾಡಿದ್ದೇನೆ. ಜೋತಾಟ ನಿಂತಿತು, ಸವೆತ ಹಾಗೇ ಉಳಿಯಿತು. ಸವೆದ ಚೈನ್ ಹಲ್ಲಿನ ಬುಡದಲ್ಲಿ ಕೂರದೆ ಮೇಲೇರಿ ಕೂರುತ್ತದೆ. ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಫ್ರೀವೀಲಿನ ಹಲ್ಲುಗಳು ಒಂದೇ ಕಡೆ ಸವೆದು ಕೊಕ್ಕೆಯಂತಾಗುತ್ತವೆ. ಆಮೇಲೆ ಹೊಸ ಚೈನ್ ಹಾಕಿದರೂ ಜೋರಾಗಿ ತುಳಿದಾಗ ಕಟಕ್ ಅಂತ ಜಾರುತ್ತದೆ. ಆಳಂದ ರೋಡ್ ಹುಡುಗ ಬಂದು, "ಅಕ್ಕಾ, ಹೊಸಾ ಚೈನೇ ಬೀಳಲತ್ತದ್ರೀ" ಅಂದಾಗ ನಾನು ಅಂಗಡಿಯವರನ್ನು ಬೈದುಕೊಂಡಿದ್ದೆ. ಸುಮ್ನೆ ಬೈದದ್ದು. ಹಳೇ ಫ್ರೀವೀಲ್ ಹಲ್ಲು ನೋಡಿದ್ದರೆ ಗೊತ್ತಾಗುತ್ತಿತ್ತು. ಈಗ ಚೈನ್ ತಡ ಆಗಿದ್ದರೆ ಫ್ರೀವೀಲೂ ಜೊತೆಗೇ ಹಾಕಿಸುತ್ತೇನೆ. ಪೆಡಲ್ ಬಳಿಯ ದೊಡ್ಡ ಹಲ್ಲುಚಕ್ರ ನಿಧಾನ ಸವೆಯುತ್ತದೆ, ಕೊಕ್ಕೆ ಆಗಿರದಿದ್ದರೆ ಬಿಡಿ.

ಫ್ರೀವೀಲ್ ಎರಡೂ ಕಡೆ ಸುಮ್ಮನೆ ತಿರುಗಿ, ತುಳಿದರೆ ಗಾಡಿ ಮುಂದೆ ಹೋಗದಿದ್ದರೆ ತಕ್ಷಣ ಎಸೆಯಬೇಡಿ. ಒಳಗಿನ ಕೊಕ್ಕೆಗಳು ಜಿಡ್ಡಿಗೆ ಅಂಟಿರುತ್ತವೆ. ಡೀಸೆಲ್ ಬಿಟ್ಟು ತಿರುಗಿಸಿ, ತೊಳೆದು, ತೆಳು ಎಣ್ಣೆ ಬಿಡಿ. ಮತ್ತೆ ಅದೇ ತಕರಾರು ಮಾಡಿದರೆ ಹೊಸದು. ಬಿಚ್ಚಿ ನೋಡುವ ಆಸೆ ಬೇಡ. ನಾನು ಒಮ್ಮೆ ಬಿಚ್ಚಿದೆ, ಸಾಸಿವೆಯಂಥ ಗುಂಡುಗಳು ಅಂಗಳದ ಶಹಾಬಾದ್ ಕಲ್ಲಿನ ಸಂದಿಗೆಲ್ಲ ಹೋಗಿ ಕೂತವು.

ಎರಡನೇ ಕಳ್ಳ ಕಾಟರ್ ಪಿನ್. ಕರಿ ಸೈಕಲ್ಲಿನಲ್ಲಿ ಪೆಡಲಿನ ತೋಳನ್ನು ಅಚ್ಚಿಗೆ ಹಿಡಿದಿಡುವ ಮೊಳೆ ಇದು. ಬೆಲೆ ಎರಡು ಕಪ್ ಚಹಾದಷ್ಟೂ ಇರಲಿಕ್ಕಿಲ್ಲ. ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಲ ಕಟ್ ಅಂತ ಸಡಿಲ ಬಿಟ್ಟಂತೆ ಆದರೆ ಇದನ್ನೇ ನೋಡಿ. ಸಡಿಲ ಪಿನ್ನಿನಲ್ಲಿ ಒಂದು ವಾರ ತುಳಿದರೆ ತೋಳಿನ ತೂತೂ ಅಚ್ಚಿನ ಕಚ್ಚೂ ಸವೆದು, ಎರಡು ಚಹಾದ ಕೆಲಸ ದೊಡ್ಡ ಬಿಲ್ಲಾಗುತ್ತದೆ. ಹಳೇ ಪಿನ್ನಿಗೆ ತಗಡು ಸುತ್ತಿ ಬಡಿಯುವುದು ಬೇಡ, ಹೊಸದೇ ಹಾಕಿ. ತೋಳಿನ ಕೆಳಗೆ ಗಟ್ಟಿ ಕಟ್ಟಿಗೆ ಆಸರೆ ಕೊಟ್ಟು, ಪಿನ್ನಿನ ದಪ್ಪ ತಲೆಗೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿ, ಆಮೇಲೆ ನಟ್ ಬಿಗಿ ಮಾಡಿ. ನಟ್ ತಿರುಗಿಸಿಯೇ ಪಿನ್ ಎಳೆಯಲು ಹೋದರೆ ಥ್ರೆಡ್ ಹೋಗುತ್ತದೆ. ಎರಡು ದಿನ ಓಡಿಸಿ ಮತ್ತೊಮ್ಮೆ ಹೊಡೆದು ಬಿಗಿ ಮಾಡಿ.

ಚಕ್ರದ ನಡುವಿನ ಗುಂಡುಗಳ ವಿಷಯದಲ್ಲಿ ನನ್ನ ಗುರು ಸೂಪರ್ ಮಾರ್ಕೆಟ್ ಕಡೆಯ ಚಾಚಾ. ಅವರ ಬಾಯಲ್ಲಿ ಅದು ಛರ್ರಾ. ಹಬ್, ಅಂದರೆ ಚಕ್ರದ ನಡುವಿನ ಗುಂಬ, ಕರಕರ ಅಂದಾಗ ಮೂರು ಗುಂಡು ಮಾತ್ರ ಕೆಟ್ಟಿವೆ, ಮೂರೇ ಕೊಡಿ ಅಂದೆ. ಚಾಚಾ ನಕ್ಕರು. "ಹಂಗ ನಡೆಯಂಗಿಲ್ಲ ಬೇಟಾ. ಹೊಸಾವು ಒಂದು ಕೂದಲಷ್ಟು ದೊಡ್ಡ ಇರ್ತಾವ, ಭಾರೆಲ್ಲಾ ಅವುಗಳ ಮ್ಯಾಲೇ ಬೀಳ್ತದ." ಹಿಂದಿನ ಚಕ್ರಕ್ಕೆ ಕಾಲು ಇಂಚಿನವು, ಒಂದೊಂದು ಕಡೆ ಒಂಬತ್ತು. ಹಾಕಿದರೆ ಹದಿನೆಂಟೂ ಹೊಸವು.

ಗುಂಡು ಸುಲಭ, ಅಚ್ಚಿನ ಮೇಲೆ ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ನೋಡುವುದೇ ಕಷ್ಟ. ಗುಂಡು ಉರುಳುವ ದಾರಿಯನ್ನು ಒರೆಸಿ, ಬಾಲ್‌ಪೆನ್ನಿನ ತುದಿಯನ್ನು ಅದರ ಮೇಲೆ ಸುತ್ತ ಎಳೆಯಿರಿ. ಹೊಳೆಯುವ ಗೆರೆ ಮಾತ್ರ ಇದ್ದು ಪೆನ್ನು ನುಣ್ಣಗೆ ಓಡಿದರೆ ಗ್ರೀಸ್ ಹಚ್ಚಿ ಹಾಕಿ. ಎಲ್ಲಾದರೂ ಟಿಕ್ ಅಂತ ಸಿಕ್ಕಿದರೆ ಅಲ್ಲಿ ಗುಳಿ ಬಿದ್ದಿದೆ, ಕೋನ್ ಹೊಸದು ಬೇಕು. ಹಬ್ಬಿನೊಳಗಿನ ಬಟ್ಟಲಲ್ಲೇ ಗುಳಿ ಇದ್ದರೆ ಸ್ವಲ್ಪ ಯೋಚಿಸಿ. ಅಂಥದ್ದನ್ನು ನಾನು ಗ್ರೀಸ್ ತುಂಬಿ ಸ್ಟೇಷನ್ ಲೈನಿಗೆ ಹಾಕುತ್ತೇನೆ. ಹತ್ತಿರದ ಲೈನು, ಭಾರ ಕಡಿಮೆ, ಎರಡು ವರ್ಷದಿಂದ ಓಡುತ್ತಿದೆ.

ರಿಮ್ ಔಟ್ ಬಂದರೆ ಹೆದರಬೇಡಿ. ಚಕ್ರ ಎಡಬಲ ಓಲಾಡುವುದು ಬಹಳ ಸಲ ಕಡ್ಡಿಗಳ ಬಿಗಿ ಹೆಚ್ಚುಕಮ್ಮಿ ಆಗಿದ್ದಕ್ಕೆ. ಸೀಮೆಸುಣ್ಣವನ್ನು ಫೋರ್ಕಿಗೆ ಒತ್ತಿ ಹಿಡಿದು ಚಕ್ರ ತಿರುಗಿಸಿ. ಎಲ್ಲಿ ಬಿಳಿ ಗುರುತು ಬಿತ್ತೋ ಅಲ್ಲಿ ಆಚೆ ಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿ. ಕಾಲು ಸುತ್ತು ಅಂದರೆ ಕಾಲೇ, ಅವಸರ ಬೇಡ. ಕರಿ ಸೈಕಲ್ಲಿನ ಮುಂದೆ 32, ಹಿಂದೆ 40 ಕಡ್ಡಿ. ಒಂದು ಮುರಿದರೆ ಒಂದು ಹಾಕಿಸಿ, ಅವತ್ತೇ ಹಾಕಿಸಿ, ಇಲ್ಲದಿದ್ದರೆ ಅದರ ಭಾರ ಪಕ್ಕದವುಗಳ ಮೇಲೆ. ಒಂದೇ ಚಕ್ರದಲ್ಲಿ ತಿಂಗಳೊಳಗೆ ಮೂರನೆಯದು ಮುರಿದರೆ ಉಳಿದವೂ ಸಾಲಾಗಿ ನಿಂತಿವೆ ಅಂತ ತಿಳಿಯಿರಿ. ಆಗ ಪೂರಾ ಕಡ್ಡಿ ಬದಲಿಸಿ ಹೊಸದಾಗಿ ಕಟ್ಟಿಸುವುದೇ ಅಗ್ಗ. ರಿಮ್ಮಿನಲ್ಲಿ ಕಡ್ಡಿ ತೂತಿನ ಸುತ್ತ ಸೀಳು ಕಂಡರೆ ಮಾತ್ರ ರಿಮ್ಮೇ ಹೋಯಿತು.

ಟ್ಯೂಬಿನ ವಿಷಯದಲ್ಲಿ ಎಷ್ಟು ಪಂಚರ್ ಅನ್ನುವುದು ಮುಖ್ಯವಲ್ಲ, ಎಲ್ಲಿ ಅನ್ನುವುದು ಮುಖ್ಯ. ಹನ್ನೊಂದು ಪ್ಯಾಚಿನ ಟ್ಯೂಬ್ ನಮ್ಮಲ್ಲಿ ಇನ್ನೂ ಓಡುತ್ತಿದೆ. ವಾಲಿನ ಬುಡದಲ್ಲಿ ಹರಿದರೆ, ಪ್ಯಾಚಿನ ಮೇಲೆ ಪ್ಯಾಚ್ ಬಿದ್ದರೆ, ಮಡಿಕೆಯಲ್ಲಿ ರಬ್ಬರ್ ಬಿರಿದಿದ್ದರೆ ಹೊಸದು. ಇದೆಲ್ಲದಕ್ಕೂ ಮೊದಲು ವಾಲ್ ಟ್ಯೂಬ್, ಅಂದರೆ ವಾಲಿನೊಳಗಿನ ಸಣ್ಣ ರಬ್ಬರ್ ಕೊಳವೆ, ನೋಡಿ. ಬೆರಳಿಗೆ ಉಗುಳು ಹಚ್ಚಿ ವಾಲಿನ ಬಾಯಿಗಿಟ್ಟರೆ ಗುಳ್ಳೆ ಬರುತ್ತಾ ಇಲ್ಲವಾ ಗೊತ್ತಾಗುತ್ತದೆ. ಮೇ ತಿಂಗಳ ನಮ್ಮ ಬಿಸಿಲಿಗೆ ಆ ಸಣ್ಣ ರಬ್ಬರ್ ಅಂಟಂಟಾಗಿ ಹೋಗುತ್ತದೆ. ತುಂಡು ವಾಲ್ ಟ್ಯೂಬ್ ಪ್ರತಿ ಹುಡುಗನ ಜೇಬಲ್ಲೂ ಇರಬೇಕು ಅನ್ನುವುದು ನನ್ನ ಕಾನೂನು.

ಒಂದೇ ಜಾಗದಲ್ಲಿ ಮತ್ತೆ ಮತ್ತೆ ಪಂಚರ್ ಆದರೆ ಟ್ಯೂಬನ್ನು ಬೈಯಬೇಡಿ. ಜಾಲಿ ಮುಳ್ಳಿನ ತುದಿ ಟೈರಿನೊಳಗೆ ಮುರಿದು ಕೂತಿರುತ್ತದೆ. ಬೆರಳಿಗೆ ಸಿಗದು. ಚಿಟಿಕೆ ಹತ್ತಿ ತೆಗೆದುಕೊಂಡು ಟೈರಿನ ಒಳಗೆ ಸುತ್ತ ಒರೆಸಿ, ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲೇ ಮುಳ್ಳು. ಟೈರು ನಡುವೆ ಸವೆದು ನುಣ್ಣಗಾದರೆ ಹಿಂದಕ್ಕೆ ಹಾಕಿ ಓಡಿಸಿ. ಸಣ್ಣ ಸೀಳಿಗೆ ಒಳಗೆ ಗೇಟರ್, ಅಂದರೆ ಹಳೇ ಟೈರಿನ ತುಂಡು, ಇಟ್ಟು ಕೆಲವು ದಿನ ತಳ್ಳಬಹುದು. ಬದಿಯಲ್ಲಿ ಬುಗುಟು ಎದ್ದರೆ ಅವತ್ತೇ ಬಿಚ್ಚಿಡಿ. ಎರಡರಲ್ಲಿ ಒಳ್ಳೆಯ ಟೈರು ಯಾವಾಗಲೂ ಮುಂದೆ.

ಸೀಟು, ಬೆಲ್ಲು, ಹಿಡಿಕೆ, ಚೈನ್ ಕವರ್ ನಿಮ್ಮಿಷ್ಟ.

ಗುಜರಿಯಲ್ಲಿ ನಾನು ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಹಲ್ಲು ಚೆನ್ನಾಗಿದ್ದರೆ ಪೆಡಲ್ ಬಳಿಯ ಹಲ್ಲುಚಕ್ರ ಕೊಳ್ಳುತ್ತೇನೆ. ಫೋರ್ಕ್ ಮತ್ತು ಹ್ಯಾಂಡಲ್ ಅಲ್ಲಿ ಕೊಳ್ಳುವುದಿಲ್ಲ. ಅದು ಯಾವ ಗುದ್ದಾಟದಿಂದ ಅಲ್ಲಿಗೆ ಬಂತೋ ಯಾರಿಗೆ ಗೊತ್ತು.

ಅಂಗಡಿಗೆ ಹೋಗುವಾಗ ಹಳೇ ಪಾರ್ಟನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಕಾಟರ್ ಪಿನ್ನಿನಲ್ಲೂ ದಪ್ಪ ಸಣ್ಣ ಇವೆ, ಅಚ್ಚಿನಲ್ಲಂತೂ ಉದ್ದ ಗಿಡ್ಡ ಕೇಳಲೇಬೇಡಿ. ಬಾಯಲ್ಲಿ ಹೇಳಿ ತಂದದ್ದು ನನಗೆ ಒಮ್ಮೆಯೂ ಕೂತಿಲ್ಲ. ಶುಕ್ರವಾರವಾದರೆ ಹನ್ನೆರಡರೊಳಗೆ ಹೋಗಿ. ಆಮೇಲೆ ಚಾಚಾ ನಮಾಜಿಗೆ ಹೋಗಿರುತ್ತಾರೆ, ಅಂಗಡಿಯಲ್ಲಿ ಕೂತ ಮೊಮ್ಮಗ ಕೇಳಿದ್ದಕ್ಕೆಲ್ಲ ಹೊಸದೇ ಹಾಕಿ ಅನ್ನುತ್ತಾನೆ.