ಮುಂಬೈಯ ಕ್ರಿಕೆಟ್ ಕ್ಲಬ್‌ನಲ್ಲಿ ಸೆಕ್ರೆಟರಿ ಆಗೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಸಂಬಳ ಇಲ್ಲ. ಮೈದಾನದ ಕ್ಲಬ್‌ಗಳಲ್ಲಿ ಸೆಕ್ರೆಟರಿ, ಖಜಾಂಚಿ ಅಂದ್ರೆ ಹೆಚ್ಚಾಗಿ ಗೌರವ ಹುದ್ದೆಗಳೇ. ಬ್ಯಾಂಕೋ ಹೋಟೆಲ್ಲೋ, ಹೊಟ್ಟೆಪಾಡಿನ ಕೆಲಸ ಬಿಡಬೇಡಿ.

ಶುರು ಮಾಡೋದು ಸ್ಕೋರ್‌ಬುಕ್‌ನಿಂದ. ಕ್ಲಬ್‌ಗೆ ಬರುವ ಎಲ್ಲರಿಗೂ ತಂಡ ಆರಿಸುವ ಆಸೆ, ಬಿಸಿಲಲ್ಲಿ ಕೂತು ಸ್ಕೋರ್ ಬರೆಯೋಕೆ ಮಾತ್ರ ಯಾರೂ ಸಿಗಲ್ಲ. ನೀವು ಒಂದು ಸೀಸನ್ ಬರೆದರೆ ಆಟಗಾರರು, ಅಂಪೈರ್‌ಗಳು, ಎದುರಾಳಿ ಕ್ಲಬ್‌ನವರು ಎಲ್ಲರಿಗೂ ಗುರುತಾಗುತ್ತೀರಿ. ಕ್ರಾಸ್ ಮೈದಾನದಲ್ಲಿ ಕರ್ನಾಟಕ ಸ್ಪೋರ್ಟಿಂಗ್ ಇದೆ, ಸರಿ, ಆದರೆ ನಮ್ಮವರ ಕ್ಲಬ್ಬೇ ಬೇಕು ಅಂತೇನಿಲ್ಲ. ಮನೆಗೆ ಹತ್ತಿರ ಇರುವುದನ್ನು ಹಿಡಿಯಿರಿ. ಮರಾಠಿ ಮಾತ್ರ ಚೆನ್ನಾಗಿ ಬರಬೇಕು.

ಆಮೇಲೆ ಮಾಲಿಯ, ಅಂದ್ರೆ ಪಿಚ್ ನೋಡಿಕೊಳ್ಳುವವನ, ಸ್ನೇಹ. ಕಾಂಗಾ ಲೀಗ್ 1948ರಿಂದ ನಡೆಯುತ್ತಿರುವ ಮಳೆಗಾಲದ ಲೀಗ್. ಭಾನುವಾರ ಬೆಳಿಗ್ಗೆ ಪಿಚ್ ಮೇಲೆ ನೀರು ನಿಂತಿರುತ್ತೆ, ಮಾಲಿ ಗೋಣಿಚೀಲ ಹಾಸಿ ನೀರು ಹಿಂಡುತ್ತಾ ಇರುತ್ತಾನೆ, ಇತ್ತ ಇಬ್ಬರು ಕ್ಯಾಪ್ಟನ್‌ಗಳು ಆಟ ಶುರು ಮಾಡೋಣವೋ ಬೇಡವೋ ಅಂತ ಜಗಳ ಆಡುತ್ತಿರುತ್ತಾರೆ. ನಿರ್ಧಾರ ಅಂಪೈರ್‌ದು, ನೀವು ಬಾಯಿ ಹಾಕಬೇಡಿ. ಮಾಲಿಗೆ ಚಹಾ ತರಿಸಿ, ಅವನ ದುಡ್ಡು ತಿಂಗಳ ಮೊದಲ ವಾರದಲ್ಲೇ ಕೊಡಿ. ಆಜಾದ್ ಮೈದಾನದಂಥ ಜಾಗದಲ್ಲಿ 22 ಪಿಚ್‌ಗಳು ಒತ್ತೊತ್ತಾಗಿವೆ, ಪಕ್ಕದ ಪಂದ್ಯದ ಫೀಲ್ಡರ್ ನಿಮ್ಮ ಪಿಚ್ ಹತ್ತಿರವೇ ನಿಂತಿರುತ್ತಾನೆ. ಅಕ್ಕಪಕ್ಕದ ಕ್ಲಬ್‌ನವರ ಜೊತೆ ಮುನಿಸು ಕಟ್ಟಿಕೊಂಡರೆ ಅಲ್ಲಿ ನಡೆಯಲ್ಲ.

ನಿಜವಾದ ಕೆಲಸ ಕಾಗದದ್ದು. ಇಲ್ಲೇ ಜಾಸ್ತಿ ಕ್ಲಬ್‌ಗಳು ಎಡವುವುದು. ಕ್ಲಬ್ ಟ್ರಸ್ಟ್ ಆಗಿ ನೋಂದಾಯಿಸಿದ್ದರೆ ಅದಕ್ಕೆ 1950ರ ಮಹಾರಾಷ್ಟ್ರ ಪಬ್ಲಿಕ್ ಟ್ರಸ್ಟ್ ಕಾಯ್ದೆ ಅನ್ವಯಿಸುತ್ತೆ. ಪದಾಧಿಕಾರಿಗಳು ಬದಲಾದಾಗ 90 ದಿನದೊಳಗೆ ಟ್ರಸ್ಟ್‌ಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಇದನ್ನು ಮರೆತರೆ ಹಳಬರ ಹೆಸರೇ ದಾಖಲೆಯಲ್ಲಿ ಉಳಿದು, ಬ್ಯಾಂಕಿನಲ್ಲಿ ಚೆಕ್‌ಗೆ ಸಹಿ ಯಾರು ಹಾಕೋದು ಅಂತ ಪೇಚಾಟ ಶುರುವಾಗುತ್ತೆ. ವಾರ್ಷಿಕ ಸಭೆಯ ನಡಾವಳಿ ಅದೇ ವಾರ ಬರೆದು ಸಹಿ ಮಾಡಿಸಿ. ಆಟಗಾರರ ನೋಂದಣಿ ಅರ್ಜಿಗಳ ನಕಲು ಇಟ್ಟುಕೊಳ್ಳಿ. ಆಡಿಟರ್‌ನನ್ನು ಮಾರ್ಚ್‌ನಲ್ಲಿ ಹುಡುಕಬೇಡಿ, ಅವರು ಆಗ ಫೋನೇ ಎತ್ತಲ್ಲ.

ಮೇಲಕ್ಕೆ ಹೋಗೋ ಆಸೆ ಇದ್ರೆ ಮುಂಬೈ ಕ್ರಿಕೆಟ್ ಅಸೋಸಿಯೇಷನ್ ಚುನಾವಣೆಯಲ್ಲಿ ಮತ ಹಾಕೋದು ಹೆಚ್ಚಾಗಿ ಸದಸ್ಯ ಕ್ಲಬ್‌ಗಳು ಅನ್ನೋದು ನೆನಪಿರಲಿ. ನಿಮ್ಮ ಕ್ಲಬ್‌ಗೆ ಮತ ಇದೆಯಾ, ಅದನ್ನು ಹಾಕೋದು ಯಾರು, ಮೊದಲು ತಿಳಿದುಕೊಳ್ಳಿ. ಕ್ರಿಕೆಟ್ ಆಡಳಿತ ಸುಧಾರಣೆಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿಯ ಶಿಫಾರಸುಗಳು ಬಂದ ಮೇಲೆ ಯಾರು ನಿಲ್ಲಬಹುದು, ಎಷ್ಟು ವರ್ಷ ಇರಬಹುದು ಅನ್ನೋದೆಲ್ಲ ಬಿಗಿಯಾಗಿದೆ. ಸರ್ಕಾರಿ ನೌಕರಿಯಲ್ಲಿದ್ದರೆ ಈಗಿನ ನಿಯಮಾವಳಿ ಓದಿಯೇ ಮುಂದೆ ಹೋಗಿ.

ಇನ್ನೊಂದು, ಪಾಸ್. ವಾಂಖೆಡೆಯಲ್ಲಿ ದೊಡ್ಡ ಪಂದ್ಯ ಅಂದ ತಕ್ಷಣ ದೂರದ ನೆಂಟರೆಲ್ಲ ಹತ್ತಿರದವರಾಗುತ್ತಾರೆ. ಆ ಸ್ಟೇಡಿಯಂ ಹುಟ್ಟಿದ್ದೇ ಮುಂಬೈಯದೇ ಹಳೆಯ ಬ್ರೆಬೋರ್ನ್ ಸ್ಟೇಡಿಯಂನಲ್ಲಿ ಟಿಕೆಟ್ ಹಂಚುವ ಜಗಳದಿಂದ. ಕ್ಲಬ್‌ಗೆ ಬಂದ ಪಾಸ್‌ಗಳಿಗೆ ಒಂದು ಪುಸ್ತಕ ಇಡಿ, ಯಾರಿಗೆ ಎಷ್ಟು ಅಂತ ಬರೆದು ಪಡೆದವರ ಸಹಿ ಹಾಕಿಸಿ, ನಿಮ್ಮ ಭಾವನಿಗೆ ಕೊಟ್ಟದ್ದನ್ನೂ ಸೇರಿಸಿ.